ಪ್ರೊವಾನ್ಸ್‌ನ ಲ್ಯಾವೆಂಡರ್ ಹೊಲಗಳು ಮತ್ತು ಹಬ್ಬಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸ್ ದೇಶದ ಆಗ್ನೇಯ ಭಾಗದ ಪ್ರೊವಾನ್ಸ್ ಸೀಮೆಗೆ ಲ್ಯಾವೆಂಡರ್ ನೋಡಲು ಹೊರಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಓದುವ ಮುನ್ನ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ: ಅಲ್ಲಿನ ರೈತನಿಗೆ ಲ್ಯಾವೆಂಡರ್ ಎಂಬುದು ನಮ್ಮ ರಾಗಿ, ಕಬ್ಬುಗಳ ಹಾಗೆ ಬೆಳೆದು, ಕೊಯ್ದು, ಮಾರುವ ಬೆಳೆ. ಹೊಲ ಎಷ್ಟು ದಿನ ನೇರಳೆಯಾಗಿರಬೇಕು ಎಂಬುದನ್ನು ಪ್ರವಾಸಿಗರ ರಜೆ ನಿರ್ಧರಿಸುವುದಿಲ್ಲ. ಆ ವರ್ಷದ ಮಳೆ, ಬಿಸಿಲು, ನೆಲದ ಎತ್ತರ ಮತ್ತು ಕಟಾವಿನ ಯಂತ್ರ ಬರುವ ದಿನ ನಿರ್ಧರಿಸುತ್ತವೆ.

ಹೂವು ನೋಡಲು ಯಾವ ತಿಂಗಳಲ್ಲಿ ಹೋಗಬೇಕು?

ತಿಂಗಳನ್ನು ಕೇಳುವ ಮೊದಲು ಯಾವ ಎತ್ತರದ ಊರಿಗೆ ಹೋಗುತ್ತೀರಿ ಎಂದು ಕೇಳಿಕೊಳ್ಳಬೇಕು. ವಾಲಾನ್ಸೋಲ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 500ರಿಂದ 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಜೂನ್ ಮಧ್ಯದಲ್ಲಿ ಬಣ್ಣ ಏರತೊಡಗಿ, ಜೂನ್ ಕೊನೆಯ ವಾರದಿಂದ ಜುಲೈ ಎರಡನೆಯ ವಾರದವರೆಗೆ ಹೊಲಗಳು ತುಂಬಿ ನಿಂತಿರುತ್ತವೆ. ಲುಬೆರೋಂ ಬೆಟ್ಟಸಾಲಿನ ತಪ್ಪಲಿನಲ್ಲಿಯೂ ಹೆಚ್ಚು ಕಡಿಮೆ ಇದೇ ಕಾಲ. ವಾಂತೂ ಪರ್ವತದ ಬುಡದಲ್ಲಿರುವ ಸೋ ಎಂಬ ಊರು 760 ಮೀಟರ್‌ಗಿಂತ ಸ್ವಲ್ಪ ಎತ್ತರದಲ್ಲಿದ್ದು, ಅದರ ಸುತ್ತಲಿನ ಹೊಲಗಳು ಇನ್ನೂ ಮೇಲಕ್ಕೆ ಹಬ್ಬಿರುವುದರಿಂದ ಅಲ್ಲಿ ಹೂವು ತಡವಾಗಿ, ಅಂದರೆ ಜುಲೈ ತಿಂಗಳಲ್ಲಿ ಪೂರ್ತಿ ಅರಳುತ್ತದೆ ಮತ್ತು ಜುಲೈ ಕೊನೆಯವರೆಗೂ ಅಲ್ಲಲ್ಲಿ ಉಳಿದಿರುತ್ತದೆ.

ಒಂದೇ ವಾರದ ಬಿಡುವಿರುವವರಿಗೆ ನಾನು ಜುಲೈ ಮೊದಲ ವಾರವನ್ನೇ ಸೂಚಿಸುತ್ತೇನೆ, ಏಕೆಂದರೆ ಆ ವಾರ ಕೆಳಗಿನ ವಾಲಾನ್ಸೋಲ್ ಮುಗಿದಿರುವುದಿಲ್ಲ, ಮೇಲಿನ ಸೋ ಆರಂಭವಾಗಿರುತ್ತದೆ. ಜುಲೈ 20ರ ನಂತರ ಬರುವವರು ವಾಲಾನ್ಸೋಲನ್ನು ಬಿಟ್ಟು ನೇರವಾಗಿ ಸೋ ಕಡೆಗೆ ಹೋಗುವುದು ಒಳ್ಳೆಯದು. ಮೇ ತಿಂಗಳ ಬೇಸಿಗೆ ರಜೆಯಲ್ಲಿ ಹೋಗಬಹುದೇ ಎಂದು ನಮ್ಮಲ್ಲಿ ಬಹಳ ಮಂದಿ ಕೇಳುತ್ತಾರೆ. ಮೇ ತಿಂಗಳಲ್ಲಿ ಕಾಣುವುದು ಬೂದು ಹಸಿರಿನ ಪೊದೆಗಳ ಸಾಲುಗಳು ಮಾತ್ರ.

ಲ್ಯಾವೆಂಡರ್ ಹಬ್ಬಗಳು ಎಲ್ಲಿ, ಯಾವಾಗ ನಡೆಯುತ್ತವೆ?

ಮೊದಲು ಬರುವುದು ದ್ರೋಮ್ ಜಿಲ್ಲೆಯ ಫೆರಾಸಿಯೇರ್ ಎಂಬ ಚಿಕ್ಕ ಹಳ್ಳಿಯ ಹಬ್ಬ. ಅದು ಜುಲೈ ಆರಂಭದ ಭಾನುವಾರ ನಡೆಯುತ್ತದೆ. ಅನಂತರ ಜುಲೈ ಮೂರನೆಯ ಭಾನುವಾರ ವಾಲಾನ್ಸೋಲ್ ಊರಿನ ಹಬ್ಬ. ಆಗಸ್ಟ್ ಮೊದಲ ವಾರಾಂತ್ಯದ ಸುಮಾರಿಗೆ ದೀನ್-ಲೆ-ಬ್ಯಾಂ ಪಟ್ಟಣದಲ್ಲಿ ಹೂವಿನಿಂದ ಸಿಂಗರಿಸಿದ ವಾಹನಗಳ ಮೆರವಣಿಗೆ ಹಲವು ದಿನ ನಡೆಯುತ್ತದೆ. ಮೈಸೂರಿನ ಜಂಬೂಸವಾರಿಯ ಸ್ತಬ್ಧಚಿತ್ರಗಳನ್ನು ನೋಡಿದವರಿಗೆ ಅದರ ಸ್ವರೂಪವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಕೊನೆಯದಾಗಿ, ಪ್ರತಿ ವರ್ಷ ಆಗಸ್ಟ್ 15ರಂದು ಸೋ ಊರಿನ ಹಬ್ಬ. ನಮಗೆ ಸ್ವಾತಂತ್ರ್ಯ ದಿನವಾದ್ದರಿಂದ ಈ ತಾರೀಖು ಮರೆಯುವುದಿಲ್ಲ. ಫ್ರಾನ್ಸ್‌ನಲ್ಲಿಯೂ ಅಂದು ಮೇರಿ ಮಾತೆಯ ಸ್ವರ್ಗಾರೋಹಣದ ನಿಮಿತ್ತ ಸಾರ್ವಜನಿಕ ರಜೆಯಿರುತ್ತದೆ.

ಇವುಗಳಲ್ಲಿ ಒಂದನ್ನೇ ಆರಿಸಬೇಕಾದರೆ ನನ್ನ ಆಯ್ಕೆ ಸೋ. ಕುಡುಗೋಲಿನಿಂದ ಲ್ಯಾವೆಂಡರ್ ಕೊಯ್ಯುವ ಫ್ರಾನ್ಸ್ ಮಟ್ಟದ ಸ್ಪರ್ಧೆ ಅಲ್ಲಿ ನಡೆಯುತ್ತದೆ. ಯಂತ್ರಗಳು ಬರುವ ಮೊದಲು ಬಟ್ಟೆಯ ಜೋಳಿಗೆಯನ್ನು ಹೆಗಲಿಗೆ ಇಳಿಬಿಟ್ಟುಕೊಂಡು, ಬೆನ್ನು ಬಗ್ಗಿಸಿ, ದಿನವಿಡೀ ಕೊಯ್ಯುತ್ತಿದ್ದವರ ಕೈಚಳಕ ಎಂಥದ್ದಿತ್ತು ಎಂಬುದು ಆ ಸ್ಪರ್ಧೆಯನ್ನು ನೋಡಿದಾಗ ತಿಳಿಯುತ್ತದೆ. ಬಟ್ಟಿ ಇಳಿಸುವ ಪ್ರಾತ್ಯಕ್ಷಿಕೆ, ರೈತರೇ ಕುಳಿತು ಮಾರುವ ಎಣ್ಣೆ, ಜೇನು, ಸೋಪುಗಳ ಮಳಿಗೆಗಳೂ ಇರುತ್ತವೆ. ಮೆರವಣಿಗೆ, ಸಂಗೀತ, ಜನಜಂಗುಳಿ ಬೇಕೆನ್ನುವವರಿಗೆ ದೀನ್ ಹೆಚ್ಚು ಹಿಡಿಸೀತು. ಆಗಸ್ಟ್ 15ನ್ನು ಬಿಟ್ಟರೆ ಉಳಿದ ಹಬ್ಬಗಳ ತಾರೀಖು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಟಿಕೆಟ್ ಕೊಳ್ಳುವ ಮುನ್ನ ಆಯಾ ಊರಿನ ಪ್ರವಾಸಿ ಕಚೇರಿಯ ಪ್ರಕಟಣೆಯನ್ನು ನೋಡಬೇಕು.

ಹಬ್ಬಕ್ಕೆ ಹೋದರೆ ಹೊಲದಲ್ಲಿಯೂ ಹೂವು ನೋಡಬಹುದಲ್ಲವೇ?

ಅತಿ ಹೆಚ್ಚು ನಿರಾಸೆ ಹುಟ್ಟಿಸುವುದು ಈ ನಿರೀಕ್ಷೆಯೇ. ಇವು ಸುಗ್ಗಿಯ ಹಬ್ಬಗಳು. ಸಂಕ್ರಾಂತಿಯ ಹೊತ್ತಿಗೆ ಪೈರು ಹೊಲದಲ್ಲಿರದೆ ಕಣಕ್ಕೆ ಬಂದಿರುವಂತೆ, ಆಗಸ್ಟ್ 15ರ ಹೊತ್ತಿಗೆ ಸೋ ಸುತ್ತಲಿನ ಬಹುಪಾಲು ಹೊಲಗಳು ಕಟಾವಾಗಿ ದುಂಡಗೆ ಕತ್ತರಿಸಿದ ಹಸಿರು ಪೊದೆಗಳಷ್ಟೇ ಉಳಿದಿರುತ್ತವೆ. ವಾಲಾನ್ಸೋಲ್ ಹಬ್ಬದ ಹೊತ್ತಿಗೆ ಅಲ್ಲಿಯೂ ಕಟಾವು ಶುರುವಾಗಿರುತ್ತದೆ. ಬೆಳಿಗ್ಗೆ ನೇರಳೆಯಾಗಿದ್ದ ಹೊಲ ಟ್ರ್ಯಾಕ್ಟರ್ ಹಾದುಹೋದ ಮೇಲೆ ಸಂಜೆಗೆ ಬೋಳಾಗಿರುವುದು ಅಲ್ಲಿ ವಿಶೇಷವೇನಲ್ಲ. ಹೂವು ಮತ್ತು ಹಬ್ಬ ಎರಡೂ ಒಟ್ಟಿಗೆ ಬೇಕೆನ್ನುವವರಿಗೆ ಫೆರಾಸಿಯೇರ್ ಹಬ್ಬವೇ ಸರಿ.

ಆ ಹಳ್ಳಿಯಿರುವ ಆಲ್ಬಿಯೋಂ ಪ್ರಸ್ಥಭೂಮಿಯ ಕುರಿತು ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ: 1971ರಿಂದ 1996ರವರೆಗೆ ಫ್ರಾನ್ಸ್ ತನ್ನ ಅಣ್ವಸ್ತ್ರ ಕ್ಷಿಪಣಿಗಳನ್ನು ಇಟ್ಟಿದ್ದ 18 ನೆಲಬಾವಿಗಳು ಇದೇ ಪ್ರಸ್ಥಭೂಮಿಯಲ್ಲಿ, ಲ್ಯಾವೆಂಡರ್ ಬೆಳೆಯುವ ಇದೇ ನೆಲದಲ್ಲಿ ಹರಡಿಕೊಂಡಿದ್ದವು.

ಅಲ್ಲಿನವರು ‘ಲಾವಾಂದ್’ ಮತ್ತು ‘ಲಾವಂಡಿನ್’ ಎಂದು ಬೇರೆ ಬೇರೆ ಹೇಳುತ್ತಾರೆ. ಎರಡೂ ಒಂದೇ ಅಲ್ಲವೇ?

ಅಲ್ಲ. ಎರಡರ ವ್ಯತ್ಯಾಸ ತಿಳಿದರೆ ಯಾವ ಹೊಲವನ್ನು ಏಕೆ ನೋಡುತ್ತಿದ್ದೀರಿ, ಅಂಗಡಿಯಲ್ಲಿ ಯಾವ ಸೀಸೆಗೆ ಏಕೆ ಹೆಚ್ಚು ಬೆಲೆ ಎಂಬುದೂ ತಿಳಿಯುತ್ತದೆ. ಲಾವಾಂದ್ ಎಂದರೆ ಅಸಲು ಲ್ಯಾವೆಂಡರ್, ಸಸ್ಯಶಾಸ್ತ್ರದ ಹೆಸರಿನಲ್ಲಿ ಲ್ಯಾವಂಡುಲಾ ಆಂಗುಸ್ಟಿಫೋಲಿಯಾ. ಇದು ಎತ್ತರದ ಒಣ, ಕಲ್ಲು ನೆಲದ ಗಿಡ. ಒಂದು ಕಡ್ಡಿಗೆ ಒಂದೇ ತೆನೆ, ಪೊದೆಯೂ ಚಿಕ್ಕದು, ಪರಿಮಳ ಮೃದು. ತಗ್ಗಿನ ಸೀಮೆಯಲ್ಲಿ ಬೆಳೆಯುವ, ಕರ್ಪೂರದ ವಾಸನೆಯ ಇನ್ನೊಂದು ಜಾತಿಯೊಂದಿಗೆ ಇದು ಬೆರೆತು ಹುಟ್ಟಿದ ಮಿಶ್ರತಳಿಯೇ ಲಾವಂಡಿನ್. ಅದರ ಪೊದೆ ದೊಡ್ಡದು, ಒಂದೊಂದು ಕಡ್ಡಿಯೂ ಕವಲೊಡೆದು ತೆನೆ ಬಿಡುತ್ತದೆ. ಬೀಜ ಕಟ್ಟದ ಬಂಜೆ ಗಿಡವಾದ್ದರಿಂದ ಕಡ್ಡಿ ನೆಟ್ಟೇ ಬೆಳೆಸಬೇಕು. ಹೀಗೆ ಒಂದೇ ತಾಯಿಗಿಡದ ಪ್ರತಿರೂಪಗಳಾಗಿ ಬೆಳೆಯುವುದರಿಂದ ಹೊಲದ ಪೊದೆಗಳೆಲ್ಲ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಮನಾಗಿ, ಒಂದೇ ಬಣ್ಣದಲ್ಲಿ ನಿಲ್ಲುತ್ತವೆ. ಕ್ಯಾಲೆಂಡರುಗಳಲ್ಲಿ, ಮೊಬೈಲ್ ಪರದೆಗಳಲ್ಲಿ ನಾವು ಕಂಡು ಬೆರಗಾಗುವ ವಾಲಾನ್ಸೋಲ್ ಚಿತ್ರಗಳು ಬಹುಪಾಲು ಈ ಲಾವಂಡಿನ್ ಹೊಲಗಳವೇ. ಬೀಜದಿಂದ ಬೆಳೆದ ಅಸಲು ಲ್ಯಾವೆಂಡರ್ ಹೊಲದಲ್ಲಿ ಒಂದು ಗಿಡ ಕಡುನೀಲಿ, ಪಕ್ಕದ್ದು ತಿಳಿನೇರಳೆ, ಇನ್ನೊಂದು ಹೆಚ್ಚು ಕಡಿಮೆ ಬಿಳಿ. ಚಿತ್ರಕ್ಕೆ ಅಷ್ಟು ಒಪ್ಪದಿದ್ದರೂ ಹತ್ತಿರ ನಿಂತು ನೋಡುವವರಿಗೆ ಅದೇ ಹೆಚ್ಚು ಚೆಂದ ಎಂದು ನನಗನ್ನಿಸುತ್ತದೆ.

ಬೆಲೆಯ ಗುಟ್ಟು ಎಣ್ಣೆಯ ಪ್ರಮಾಣದಲ್ಲಿದೆ. ಅಸಲು ಲ್ಯಾವೆಂಡರಿನ ಒಂದು ಲೀಟರ್ ಎಣ್ಣೆಗೆ ಸುಮಾರು 120ರಿಂದ 130 ಕಿಲೊ ಹೂವು ಬೇಕು. ಲಾವಂಡಿನ್‌ಗೆ 40ರಿಂದ 50 ಕಿಲೊ ಸಾಕು. ಆದ್ದರಿಂದಲೇ ಸೋಪು, ಬಟ್ಟೆ ಒಗೆಯುವ ಪುಡಿಗಳ ಪರಿಮಳಕ್ಕೆ ಲಾವಂಡಿನ್ ಎಣ್ಣೆಯೂ, ದುಬಾರಿ ಸುಗಂಧ ದ್ರವ್ಯಗಳಿಗೆ ಅಸಲು ಎಣ್ಣೆಯೂ ಹೋಗುತ್ತವೆ.

ಎಣ್ಣೆ ತೆಗೆಯುವುದನ್ನು ಕಣ್ಣಾರೆ ನೋಡಬಹುದೇ?

ನೋಡಬಹುದು, ನೋಡಲೇಬೇಕು. ಕಟಾವಿನ ಕಾಲದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಎಣ್ಣೆ ತೆಗೆಯುವ ಘಟಕಗಳು ಹಗಲಿರುಳು ಕೆಲಸ ಮಾಡುತ್ತವೆ. ಅವುಗಳಲ್ಲಿ ಅನೇಕವು ಪ್ರವಾಸಿಗರನ್ನು ಒಳಗೆ ಬಿಟ್ಟು ವಿವರಿಸುತ್ತವೆ. ದೊಡ್ಡ ಹಂಡೆಯಲ್ಲಿ ಹೂವಿನ ಹೊರೆಯನ್ನು ತುಳಿದು ಅದುಮಿ, ಮುಚ್ಚಳ ಬಿಗಿದು, ಕೆಳಗಿನಿಂದ ಹಬೆ ಹಾಯಿಸುತ್ತಾರೆ. ಎಣ್ಣೆಯನ್ನು ಹೊತ್ತು ಮೇಲೇರಿದ ಹಬೆ ತಣ್ಣೀರಿನಲ್ಲಿ ಮುಳುಗಿಸಿದ ಸುರುಳಿ ಕೊಳವೆಯ ಮೂಲಕ ಇಳಿಯುವಾಗ ಮತ್ತೆ ನೀರಾಗುತ್ತದೆ. ಎಣ್ಣೆ ಹಗುರವಾದ್ದರಿಂದ ಮೇಲೆ ತೇಲುತ್ತದೆ, ಕೆಳಗುಳಿಯುವ ಪರಿಮಳದ ನೀರನ್ನು ಪನ್ನೀರಿನಂತೆ ಬೇರೆಯಾಗಿ ಮಾರುತ್ತಾರೆ. ಶ್ರೀಗಂಧದ ಎಣ್ಣೆ ಇಳಿಸಲು ದಿನಗಟ್ಟಲೆ ಹಬೆ ಹಾಯಿಸಬೇಕಾಗುತ್ತದೆ ಎಂದು ಬಲ್ಲ ಮೈಸೂರಿನವರಿಗೆ, ಲ್ಯಾವೆಂಡರ್ ಅರ್ಧ ಗಂಟೆಯ ಆಸುಪಾಸಿನಲ್ಲಿ ತನ್ನ ಎಣ್ಣೆಯನ್ನೆಲ್ಲ ಬಿಟ್ಟುಕೊಡುವುದು ಸೋಜಿಗವೆನಿಸಬಹುದು.

ಕಟಾವಿಗೆ ಮೊದಲೇ ಹೋಗುವವರು ಗೋರ್ಡ್ ಸಮೀಪದ ಕೂಸ್ತೆಲೆಯಲ್ಲಿರುವ ಲ್ಯಾವೆಂಡರ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ತಾಮ್ರದ ಬಟ್ಟಿ ಪಾತ್ರೆಗಳನ್ನು ನೋಡಬಹುದು.

ಹೊಲಕ್ಕೆ ಪ್ರವೇಶ ಶುಲ್ಕವಿದೆಯೇ? ಸಾಲುಗಳ ನಡುವೆ ಹೋಗಿ ಚಿತ್ರ ತೆಗೆಸಿಕೊಳ್ಳಬಹುದೇ?

ರಸ್ತೆ ಬದಿಯ ಹೊಲಗಳಿಗೆ ಸಾಮಾನ್ಯವಾಗಿ ಟಿಕೆಟ್ ಇಲ್ಲ, ಬೇಲಿಯೂ ಇಲ್ಲ. ಬೇಲಿ ಇಲ್ಲವೆಂದ ಮಾತ್ರಕ್ಕೆ ಅದು ಸಾರ್ವಜನಿಕ ಜಾಗವೆಂದು ತಿಳಿಯಬಾರದು. ಫಲಕ ಹಾಕಿ ಬೇಡವೆಂದಿರುವ ಕಡೆ ಒಳಗೆ ಕಾಲಿಡಬಾರದು. ಬಿಡುವ ಕಡೆಯೂ ಸಾಲುಗಳ ನಡುವಿನ ಮಣ್ಣಿನಲ್ಲಷ್ಟೇ ನಡೆಯಬೇಕು. ಪೊದೆಯನ್ನು ದಾಟುವುದು, ಅದರ ಮೇಲೆ ಕೂರುವುದು, ನೆನಪಿಗೆಂದು ಒಂದು ಹಿಡಿ ಕಿತ್ತುಕೊಳ್ಳುವುದು ಸಲ್ಲದು. ಒಂದು ಗಿಡ ಸುಮಾರು ಹತ್ತು ವರ್ಷಗಳ ಕಾಲ ಫಸಲು ಕೊಡುವಂಥದ್ದು. ಅದರ ಕೊಂಬೆ ಮುರಿದರೆ ಹಾಳಾಗುವುದು ಆ ವರ್ಷದ ಹೂವು ಮಾತ್ರವಲ್ಲ. ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದ ಸೂರ್ಯಕಾಂತಿ ಹೊಲಗಳಲ್ಲಿ ಚಿತ್ರ ತೆಗೆಸಿಕೊಳ್ಳಲು ನುಗ್ಗುವ ಜನರಿಂದ ಬೇಸತ್ತು ರೈತರು ಹಣ ಕೇಳತೊಡಗಿದ್ದನ್ನು ಕಂಡವರಿಗೆ ವಾಲಾನ್ಸೋಲ್ ರೈತರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರನ್ನು ಹೊಲದ ದಾರಿಗೆ ಅಡ್ಡ ನಿಲ್ಲಿಸಬಾರದು, ಏಕೆಂದರೆ ಕಟಾವಿನ ಟ್ರ್ಯಾಕ್ಟರ್ ಬರುವುದು ಅದೇ ದಾರಿಯಲ್ಲಿ.

ಚಿತ್ರಕ್ಕೆ ಒಳ್ಳೆಯ ಹೊತ್ತು ಸೂರ್ಯೋದಯ ಮತ್ತು ಸೂರ್ಯಾಸ್ತದ ಸುಮಾರು. ಜುಲೈ ಆರಂಭದಲ್ಲಿ ಬೆಳಿಗ್ಗೆ 6ರ ಹೊತ್ತಿಗೆ ಸೂರ್ಯ ಹುಟ್ಟಿ, ರಾತ್ರಿ 9 ದಾಟಿದ ಮೇಲೆ ಮುಳುಗುತ್ತಾನೆ. ನಡುಹಗಲಿನ ಬಿಸಿಲಿನಲ್ಲಿ ನೇರಳೆ ಬಣ್ಣ ಮಂಕಾಗಿ ಕಾಣುತ್ತದೆ.

ಜೇನುನೊಣಗಳು ಕಚ್ಚುವುದಿಲ್ಲವೇ?

ಹೊಲದಲ್ಲಿ ಸಾವಿರಾರು ಜೇನುನೊಣಗಳಿರುತ್ತವೆ, ಅವುಗಳ ಮೊರೆತ ದೂರದಿಂದಲೇ ಕೇಳಿಸುತ್ತದೆ. ಆದರೆ ಅವು ತಮ್ಮ ಕೆಲಸದಲ್ಲಿ ಮುಳುಗಿರುವುದರಿಂದ ಕೈಬೀಸಿ ಕೆಣಕದ ಹೊರತು ತಂಟೆಗೆ ಬರುವುದಿಲ್ಲ. ಬರಿಗಾಲಿನಲ್ಲಿ ನಡೆಯಬಾರದು. ಜೇನುಕಡಿತಕ್ಕೆ ತೀವ್ರ ಅಲರ್ಜಿ ಇರುವವರು ರಸ್ತೆಯಲ್ಲಿ ನಿಂತೇ ನೋಡುವುದು ಕ್ಷೇಮ.

ಸೆನಾಂಕ್ ಮಠದ ಎದುರಿನ ಹೊಲದ ಚಿತ್ರ ಎಲ್ಲೆಡೆ ಕಾಣುತ್ತದೆ. ಅಲ್ಲಿಗೆ ಹೋಗುವುದು ಹೇಗೆ?

ಗೋರ್ಡ್ ಊರಿನಿಂದ ಕಿರಿದಾದ ಕಣಿವೆಯೊಳಗೆ ಇಳಿದರೆ 1148ರಲ್ಲಿ ಸ್ಥಾಪನೆಯಾದ ಈ ಮಠ ಸಿಗುತ್ತದೆ. ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು ಇಂದಿಗೂ ಅಲ್ಲಿ ವಾಸಿಸುತ್ತಾರೆ, ಪ್ರಾರ್ಥಿಸುತ್ತಾರೆ. ಆದ್ದರಿಂದ ಹೆಗಲು, ಮೊಣಕಾಲು ಮುಚ್ಚುವ ಉಡುಪು ತೊಟ್ಟು, ದನಿ ತಗ್ಗಿಸಿ ನಡೆದುಕೊಳ್ಳಬೇಕು. ಚಿತ್ರಗಳನ್ನು ನೋಡಿ ವಿಶಾಲವಾದ ಹೊಲವನ್ನು ನಿರೀಕ್ಷಿಸಬೇಡಿ. ಅದು ಚಿಕ್ಕದು, ಮತ್ತು ಜುಲೈ ತಿಂಗಳ ಬೆಳಗಿನ 10ರ ನಂತರ ಜನರೇ ಹೆಚ್ಚು ಕಾಣಿಸುತ್ತಾರೆ.

ಬೆಂಗಳೂರಿನಿಂದ ಹೋಗುವುದು ಹೇಗೆ? ಕಾರು ಬೇಕೇ ಬೇಕೇ?

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಪ್ಯಾರಿಸ್‌ನ ಗಾರ್ ದ ಲಿಯೋಂ ನಿಲ್ದಾಣದಿಂದ ಟಿಜಿವಿ ವೇಗದ ರೈಲಿನಲ್ಲಿ ಅವಿನ್ಯೋಂ ಎರಡೂಮುಕ್ಕಾಲು ಗಂಟೆ, ಏಕ್ಸ್-ಆಂ-ಪ್ರೊವಾನ್ಸ್ ಸುಮಾರು ಮೂರು ಗಂಟೆಯ ಪ್ರಯಾಣ. ಅವಿನ್ಯೋಂನಲ್ಲಿ ಇಳಿದರೆ ಲುಬೆರೋಂ ಮತ್ತು ಸೋ ಹತ್ತಿರ. ಏಕ್ಸ್‌ನಲ್ಲಿ ಇಳಿದರೆ ವಾಲಾನ್ಸೋಲ್ ಹತ್ತಿರ. ಅಂದಹಾಗೆ, ನಕ್ಷೆಯಲ್ಲಿ ಕೂಡಿಸಿ ಓದಿದರೆ ‘ಸಾಲ್ಟ್’ ಎಂಬಂತೆ ಕಾಣುವ ಊರಿನ ಹೆಸರನ್ನು ‘ಸೋ’ ಎಂದೇ ಉಚ್ಚರಿಸಬೇಕು, ಇಲ್ಲವಾದರೆ ದಾರಿ ಕೇಳಿದಾಗ ಯಾರಿಗೂ ಅರ್ಥವಾಗುವುದಿಲ್ಲ.

ಅಲ್ಲಿಂದ ಮುಂದೆ ಸ್ವಂತ ವಾಹನವಿಲ್ಲದೆ ತಿರುಗುವುದು ಕಷ್ಟ. ಪ್ರಾದೇಶಿಕ ಬಸ್ಸುಗಳಿವೆ, ಆದರೆ ಹಳ್ಳಿಗಳಿಗೆ ದಿನಕ್ಕೆ ಬೆರಳೆಣಿಕೆಯಷ್ಟು ಮಾತ್ರ. ಅವು ನಿಲ್ಲುವುದು ಊರಿನಲ್ಲಿ, ಹೂವಿರುವುದು ಊರಾಚೆ. ಬಾಡಿಗೆ ಕಾರು ಪಡೆಯುವವರು ಇಲ್ಲಿನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಕೊಳ್ಳಬೇಕು, ಚಾಲಕನ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ವೃತ್ತಗಳಲ್ಲಿ ಎಡದಿಂದ ಬರುವವರಿಗೆ ದಾರಿ ಬಿಡಬೇಕು. ಫಲಕವೇ ಇಲ್ಲದ ಚಿಕ್ಕ ಕೂಡುರಸ್ತೆಗಳಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು ಎಂಬ ನಿಯಮ ನಮ್ಮವರನ್ನು ಗಲಿಬಿಲಿಗೊಳಿಸುತ್ತದೆ. ಕಾರು ಓಡಿಸಲು ಅಂಜುವವರಿಗೆ ಏಕ್ಸ್, ಅವಿನ್ಯೋಂ, ಮಾರ್ಸೆಯ್ ನಗರಗಳಿಂದ ಅರ್ಧ ದಿನದ, ಒಂದು ದಿನದ ವ್ಯಾನ್ ಪ್ರವಾಸಗಳು ಹೂವಿನ ಕಾಲದಲ್ಲಿ ಹೊರಡುತ್ತವೆ.

ವೀಸಾಕ್ಕೆ ಯಾವಾಗ ಅರ್ಜಿ ಹಾಕಬೇಕು?

ಫ್ರಾನ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಸಲ್ಲಿಸಬಹುದು. ಜೂನ್, ಜುಲೈ ಯಾತ್ರಿಕರ ನೂಕುನುಗ್ಗಲಿನ ಕಾಲವಾದ್ದರಿಂದ ಮಾರ್ಚ್ ತಿಂಗಳಲ್ಲೇ ಸಮಯ ಕಾಯ್ದಿರಿಸಿಕೊಳ್ಳುವುದು ಜಾಣತನ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ. ಸೇವಾ ಕೇಂದ್ರದ ವೆಚ್ಚ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಎಲ್ಲಿ ಉಳಿದುಕೊಳ್ಳಬೇಕು?

ವಾಲಾನ್ಸೋಲ್ ಊರಿನಲ್ಲಿ ಕೋಣೆ ಸಿಗದಿದ್ದರೆ ಸುಮಾರು 20 ಕಿಲೋಮೀಟರ್ ದೂರದ ಮನೋಸ್ಕ್. ಲುಬೆರೋಂ ಮತ್ತು ಸೋ ಎರಡನ್ನೂ ನೋಡುವವರಿಗೆ ಆಪ್ಟ್. ಆಪ್ಟ್ ಊರಿನ ಶನಿವಾರದ ಸಂತೆ ಮತ್ತು ಸೋ ಊರಿನ ಬುಧವಾರದ ಸಂತೆಗೆ ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ಬದನೆ, ಟೊಮೇಟೊ, ಕುಂಬಳ ಜಾತಿಯ ಎಳೆಕಾಯಿಗಳನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿದ ರಟಟೂಯಿ ಆ ಸೀಮೆಯದೇ ಅಡುಗೆ. ಕಾಳು, ತರಕಾರಿ ಹಾಕಿದ ಪಿಸ್ತೂ ಸಾರೂ ಅಲ್ಲಿಯದೇ. ಎಚ್ಚರ ಬೇಕಾದದ್ದು ಬ್ರೆಡ್ಡಿಗೆ ಸವರುವ ತಪನಾಡ್ ವಿಷಯದಲ್ಲಿ: ನೋಡಲು ಬರಿಯ ಆಲಿವ್ ಚಟ್ನಿಯಂತಿದ್ದರೂ ಅದಕ್ಕೆ ಆಂಚೊವಿ ಮೀನನ್ನು ಅರೆದು ಸೇರಿಸುವುದು ವಾಡಿಕೆ. ಚೀಸ್‌ನಲ್ಲಿಯೂ ಹಾಲನ್ನು ಹೆಪ್ಪುಗಟ್ಟಿಸಲು ಪ್ರಾಣಿಜನ್ಯ ವಸ್ತುವನ್ನು ಬಳಸುವುದುಂಟು. ‘ಸಾಂ ವ್ಯಾಂದ್, ಸಾಂ ಪ್ವಾಸೋಂ’, ಅಂದರೆ ಮಾಂಸ ಬೇಡ, ಮೀನು ಬೇಡ, ಎಂಬ ಮಾತನ್ನು ಕಲಿತಿರಿ. ಅದಕ್ಕೂ ಮೊದಲು ಒಳಗೆ ಕಾಲಿಟ್ಟೊಡನೆ ‘ಬೋಂಜೂರ್’ ಎನ್ನಲು ಮರೆಯದಿರಿ, ಅದನ್ನು ಹೇಳದೆ ನೇರವಾಗಿ ಕೇಳುವುದನ್ನು ಅಲ್ಲಿ ಒರಟುತನವೆಂದೇ ತಿಳಿಯುತ್ತಾರೆ. ಹಳ್ಳಿಗಳಲ್ಲಿ ಮಧ್ಯಾಹ್ನದ ಊಟ 12ರಿಂದ 2ರವರೆಗೆ ಮಾತ್ರ. ಅನಂತರ ಒಲೆ ಆರಿರುತ್ತದೆ.

ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯಬಹುದೇ?

ಧಾರಾಳವಾಗಿ. ನೆಲ ಬಹುಪಾಲು ಸಮತಟ್ಟು, ರಸ್ತೆಯಿಂದಲೇ ಹೊಲ ಕಾಣುತ್ತದೆ. ಆದರೆ ಜುಲೈ ಬಿಸಿಲು 35 ಡಿಗ್ರಿಯನ್ನು ಮುಟ್ಟುವುದುಂಟು, ಹೊಲದ ಬಳಿ ಮರದ ನೆರಳಾಗಲಿ ಶೌಚಾಲಯವಾಗಲಿ ಇರುವುದಿಲ್ಲ. ಬೆಳಿಗ್ಗೆ ಹೊಲ, ಮಧ್ಯಾಹ್ನ ವಿಶ್ರಾಂತಿ, ಸಂಜೆ ಮತ್ತೆ ಹೊಲ ಎಂದಿಟ್ಟುಕೊಳ್ಳುವುದು ಸರಿ. ಕಾಳ್ಗಿಚ್ಚಿನ ಅಪಾಯವಿರುವ ದಿನಗಳಲ್ಲಿ ಕಾಡಿನ ಕಾಲುದಾರಿಗಳನ್ನು ಆಡಳಿತವೇ ಮುಚ್ಚುತ್ತದೆ.

ಏನನ್ನು ಕೊಳ್ಳಬೇಕು? ಅಸಲು ಎಂದು ತಿಳಿಯುವುದು ಹೇಗೆ?

ಎಣ್ಣೆ ಕೊಳ್ಳುವವರು ಸೀಸೆಯ ಮೇಲೆ ಸಸ್ಯಶಾಸ್ತ್ರದ ಹೆಸರನ್ನು ಓದಬೇಕು. ಮೇಲ್ಮಟ್ಟದ ಮುದ್ರೆಯೆಂದರೆ ‘ಓತ್ ಪ್ರೊವಾನ್ಸ್ ಲ್ಯಾವೆಂಡರ್ ಎಣ್ಣೆ’ಗೆ 1981ರಿಂದ ಇರುವ ಮೂಲಸ್ಥಾನದ ಮಾನ್ಯತೆ, ನಮ್ಮ ಮೈಸೂರು ಮಲ್ಲಿಗೆಯ ಭೌಗೋಳಿಕ ಸೂಚಕದಂತೆಯೇ ಇದೂ ನೆಲಕ್ಕೆ ಅಂಟಿದ ಹೆಸರು. 800 ಮೀಟರ್‌ಗಿಂತ ಎತ್ತರದಲ್ಲಿ, ಬೀಜದಿಂದ ಬೆಳೆದ ಅಸಲು ಲ್ಯಾವೆಂಡರಿನ ಎಣ್ಣೆಗೆ ಮಾತ್ರ ಅದು ಸಲ್ಲುತ್ತದೆ. ಬೀರುವಿನಲ್ಲಿಡುವ ಪರಿಮಳದ ಚೀಲಗಳಲ್ಲಿ ಇರುವುದು ಸಾಮಾನ್ಯವಾಗಿ ಲಾವಂಡಿನ್. ಅದು ಮೋಸವಲ್ಲ, ಬಟ್ಟೆಗೆ ಅದರ ಗಾಢ ವಾಸನೆಯೇ ಚೆನ್ನ. ಲ್ಯಾವೆಂಡರ್ ಜೇನುತುಪ್ಪ ತಿಳಿ ಬಣ್ಣದ್ದು, ಬೇಗ ಗಟ್ಟಿಯಾಗುತ್ತದೆ. ವಿಮಾನದ ಕೈಚೀಲದಲ್ಲಿ ಜೇನೂ ದ್ರವವೆಂದೇ ಪರಿಗಣಿತವಾದ್ದರಿಂದ 100 ಮಿಲಿಲೀಟರ್ ಮೀರಿದ ಸೀಸೆಯನ್ನು ದೊಡ್ಡ ಪೆಟ್ಟಿಗೆಯಲ್ಲೇ ಇಡಬೇಕು.

ಹೊಲಗಳು ಕಡಿಮೆಯಾಗುತ್ತಿವೆ ಎಂಬ ಸುದ್ದಿ ನಿಜವೇ?

ಬೆಳೆಗಾರರಿಗೆ ಸಂಕಟವಿರುವುದು ನಿಜ. ಮಣ್ಣಿನಲ್ಲಿ ಬೆಳೆದು ಬೇಸಿಗೆಯಲ್ಲಿ ಹೊರಬರುವ ಒಂದು ಜಿಗಿಹುಳು ಗಿಡದ ರಸ ಹೀರುವಾಗ ಅದರೊಳಕ್ಕೆ ರೋಗಾಣುವನ್ನು ಬಿಡುತ್ತದೆ. ರೋಗ ತಗುಲಿದ ಗಿಡ ಹಳದಿಯಾಗಿ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಬರ ಬಿದ್ದ ವರ್ಷಗಳಲ್ಲಿ ಈ ಹಾನಿ ಇನ್ನೂ ಹೆಚ್ಚು. ಅಸಲು ಎಣ್ಣೆಯಲ್ಲಿ ಬಲ್ಗೇರಿಯಾ ಫ್ರಾನ್ಸನ್ನು ಹಿಂದಿಕ್ಕಿದೆ. ಲಾವಂಡಿನ್ ವಿಷಯದಲ್ಲಾದದ್ದು ತದ್ವಿರುದ್ಧ: ಒಳ್ಳೆಯ ಬೆಲೆ ಬಂದಾಗ ಎಲ್ಲರೂ ನೆಟ್ಟರು, ಇಳುವರಿ ಬೇಡಿಕೆಯನ್ನು ಮೀರಿತು, ಬೆಲೆ ಕುಸಿಯಿತು, ಕೆಲವರು ಗಿಡ ಕಿತ್ತರು. ಟೊಮೇಟೊ, ಈರುಳ್ಳಿ ಬೆಳೆಯುವ ನಮ್ಮ ರೈತರಿಗೆ ಇದು ಹೊಸ ಕಥೆಯಲ್ಲ. ಪ್ರವಾಸಿ ಮಾಡಬಹುದಾದದ್ದು ಇಷ್ಟೇ: ನಗರದ ಅಂಗಡಿಗಿಂತ ಹೊಲದ ಬಾಗಿಲಲ್ಲೇ ಕೊಳ್ಳುವುದು.

ಗಿಡವನ್ನು ತಂದು ಮನೆಯಲ್ಲಿ ಬೆಳೆಸಬಹುದೇ? ಭಾರತದಲ್ಲಿ ಎಲ್ಲಾದರೂ ಬೆಳೆಯುತ್ತದೆಯೇ?

ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಆಮದು ಪರವಾನಗಿ ಇಲ್ಲದೆ ಗಿಡ, ಬೀಜಗಳನ್ನು ತರುವಂತಿಲ್ಲ. ತಂದರೂ ಅಸಲು ಲ್ಯಾವೆಂಡರ್‌ಗೆ ಚಳಿಗಾಲದ ಕೊರೆಯುವ ಚಳಿಯೂ ಬೇಸಿಗೆಯ ಒಣಹವೆಯೂ ಬೇಕು. ನಮ್ಮ ಮುಂಗಾರಿನ ತೇವಕ್ಕೆ ಅದರ ಬೇರು ಕೊಳೆಯುತ್ತದೆ. ಆದರೆ ಜಮ್ಮುವಿನ ದೋಡಾ ಜಿಲ್ಲೆಯ ಭದರ್‌ವಾಹ್‌ನಲ್ಲಿ ಕೇಂದ್ರ ಸರ್ಕಾರದ ಅರೋಮಾ ಮಿಷನ್ ನೆರವಿನಿಂದ ರೈತರು ಮೆಕ್ಕೆಜೋಳದ ಬದಲು ಲ್ಯಾವೆಂಡರ್ ಬೆಳೆಯತೊಡಗಿದ್ದಾರೆ. 2022ರಲ್ಲಿ ಅಲ್ಲಿ ಮೊದಲ ಲ್ಯಾವೆಂಡರ್ ಉತ್ಸವವೂ ನಡೆಯಿತು. ಅಲ್ಲಿ ಹೂವಿನ ಕಾಲ ಜೂನ್ ಆಸುಪಾಸು, ವೀಸಾ ಬೇಕಾಗಿಲ್ಲ.